ಎಡಗಡೆ ಸೀಟು

ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ದೇಶಗಳ ನಡುವಿನ ಸಂಬಂಧಗಳ ಬಗ್ಗೆ ಮುಂದೆ ಯಾರಾದರೂ ಸಮಗ್ರ ಗ್ರಂಥ ಬರೆಯುವುದಾದರೆ, ಮೇ ಹದಿನೆಂಟನೆಯ ತಾರೀಕು ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಬೆಲ್ಜಿಯಂನ ತುರ್ನ್‌ಹೌಟ್ ಎಂಬ ಊರಿನ ಹೊರವಲಯದಲ್ಲಿ ಕಾಪುವಿನ ಐತಪ್ಪನವರು ಒಂದು ಕಾರಿನ ಟಯರಿಗೆ ಎರಡು ಸಲ ಒದ್ದರು ಎಂಬ ಸಂಗತಿಗೆ ಅದರಲ್ಲಿ ಕನಿಷ್ಠ ಒಂದು ಅಡಿಟಿಪ್ಪಣಿಯಾದರೂ ಮೀಸಲಾಗಬೇಕು. ಒಂದೇ ಸಲ ಒದ್ದರೆ ಗಾಡಿ ಬೇಡವೆಂದು ಅರ್ಥ. ಎರಡು ಸಲ ಒದ್ದರೆ ಗಾಡಿ ನಮ್ಮದು. ಮೂವತ್ತೆರಡು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದ ಐತಪ್ಪನವರ ಈ ಭಾಷೆ ಕಾಪು ಪೇಟೆಯ ದಲ್ಲಾಳಿಗಳಿಗೆಲ್ಲ ಬಾಯಿಪಾಠವಾಗಿತ್ತು. ಕಾರಿನ ಒಡತಿ, ಎಪ್ಪತ್ತೆಂಟು ವರ್ಷದ ಗೋಡಲೀವ್ ಟೀಚರಿಗೆ ಮಾತ್ರ ಅದು ಗೊತ್ತಿರಲಿಲ್ಲ.

"ಯಾಕೆ ಒದೀತಿದ್ದಾರೆ?" ಎಂದು ಆಕೆ ಐತಪ್ಪನವರ ಮಗ ಅವಿನನನ್ನು ಡಚ್ಚಿನಲ್ಲಿ ಕೇಳಿದರು.

"ಇಷ್ಟ ಆಯ್ತು ಅಂತ."

"ಇಷ್ಟ ಆಗದಿದ್ದರೆ?"

"ಕಮ್ಮಿ ಒದೀತಾರೆ," ಎಂದ ಅವಿನ್.

ಕಾರು ಮಾರುತಿ ಎಂಟುನೂರು. ಹರಿಯಾಣದ ಕಾರ್ಖಾನೆಯಲ್ಲಿ ಹುಟ್ಟಿ, ಮೂವತ್ತಮೂರು ವರ್ಷದ ಕೆಳಗೆ ಹಡಗು ಹತ್ತಿ ಯೂರೋಪಿಗೆ ಬಂದದ್ದು. ಬರುವಾಗ ಬಿಳಿಯಿತ್ತು, ಇಲ್ಲಿಯ ಚಳಿಗಾಲಗಳನ್ನೆಲ್ಲ ಉಂಡು ಈಗ ಹಳೆಯ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ವಲಸೆಯ ಲೆಕ್ಕದಲ್ಲಿ, ಗಡಿಯಾಚೆ ನೆದರ್ಲೆಂಡ್ಸಿನಲ್ಲಿರುವ ಟಿಲ್‌ಬರ್ಗಿನ ಇಡೀ ಕನ್ನಡ ಬಳಗಕ್ಕಿಂತ ಅದೇ ಹಿರಿಯದು.

ಐತಪ್ಪನವರೂ ಅವರ ಹೆಂಡತಿ ನೀಲಾವತಿಯೂ ಮಾರ್ಚ್ ಕೊನೆಯಲ್ಲಿ ತೊಂಬತ್ತು ದಿನದ ವೀಸಾ ಹಿಡಿದು ಟಿಲ್‌ಬರ್ಗಿನ ಮಗನ ಮನೆಗೆ ಬಂದಿದ್ದರು. ಅವಿನ್ ಅಲ್ಲಿ ದೊಡ್ಡದೊಂದು ಗೋದಾಮಿನ ಕಂಪನಿಯಲ್ಲಿ ಯಾವ ಲಾರಿ ಯಾವ ಬಾಗಿಲಿಗೆ ಬಂದು ನಿಲ್ಲಬೇಕೆಂದು ನಿರ್ಧರಿಸುವ ಕೆಲಸದಲ್ಲಿದ್ದ. ಮೊದಲ ಹದಿನೈದು ದಿನ ಐತಪ್ಪನವರು ಟ್ಯೂಲಿಪ್ ನೋಡಿದರು, ಗಾಳಿಯಂತ್ರ ನೋಡಿದರು, ಸೈಕಲ್ಲಿನವರಿಗೆ ಕಾರಿನವರು ದಾರಿ ಬಿಡುವುದನ್ನು ಕಂಡು ಲೋಕದ ಅಂತ್ಯ ಹತ್ತಿರವಾಯಿತೆಂದು ತಿಳಿದರು. ಮಗನ ಪಕ್ಕದಲ್ಲಿ ಕಾರಿನಲ್ಲಿ ಕೂತಾಗಲೆಲ್ಲ ಪ್ರತಿ ತಿರುವಿಗೂ ಅವರ ಕಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ಆಮೇಲೆ ಕಿಟಕಿಯ ಬಳಿ ಕೂತು ಹೆದ್ದಾರಿಯ ಲಾರಿ ಎಣಿಸಿದರು. ಅದೂ ಬೇಸರ ಬಂದ ಮೇಲೆ, ಊರಿನಲ್ಲಿ ಪೇಪರಿನ ನಿಧನವಾರ್ತೆಗಳನ್ನು ಓದುತ್ತಿದ್ದ ಅದೇ ಶ್ರದ್ಧೆಯಿಂದ, ಮೊಬೈಲಿನಲ್ಲಿ ಹಳೆಯ ಕಾರುಗಳ ಜಾಹೀರಾತು ಓದತೊಡಗಿದರು. ಒಂದು ದಿನ ಗಡಿಯಾಚೆಯ ಜಾಹೀರಾತೊಂದರಲ್ಲಿ ಈ ಮಾರುತಿ ಕಂಡಿತು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಮಗನ ತಟ್ಟೆಯ ಪಕ್ಕ ಮೊಬೈಲ್ ಇಟ್ಟು, "ಇದು ಸುಮ್ಮನೆ ನೋಡ್ಲಿಕ್ಕೆ," ಎಂದರು.

ಅಪ್ಪ ಸುಮ್ಮನೆ ಏನನ್ನೂ ನೋಡುವವರಲ್ಲವೆಂದು ಅವಿನನಿಗೆ ಗೊತ್ತಿತ್ತು.

ಈಗ ಗೋಡಲೀವ್ ಟೀಚರು ಕೀಲಿ ಕೊಟ್ಟು, "ಕೂತು ನೋಡಿ," ಎಂದರು. ಐತಪ್ಪನವರು ಎಡಗಡೆಯ ಬಾಗಿಲು ತೆರೆದು ಎಡಗಡೆ ಸೀಟಿನಲ್ಲಿ ಕೂತರು. ಬಾಗಿಲು ಹಾಕಿಕೊಂಡಾಗ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಬಿದ್ದಂಥ ಆ ಸದ್ದು ಬಂತು. ಲೋಕದಲ್ಲಿ ಇನ್ನಾವ ಕಾರಿಗೂ ಇಲ್ಲದ ಸದ್ದು. ಒಳಗೆ ನಾಯಿಯದೂ ಪೆಪ್ಪರಮಿಂಟಿನದೂ ವಾಸನೆ. ಅದರ ಅಡಿಯಲ್ಲೆಲ್ಲೋ ಬಿಸಿಲಿಗೆ ಕಾದ ರೆಕ್ಸಿನ್ನಿನ ಹಳೆಯ ವಾಸನೆ. ಅವರು ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು, ನೆಟ್ಟಗೆ ಮುಂದೆ ನೋಡುತ್ತಾ ಕೂತರು. ಒಂದು ನಿಮಿಷವಾಯಿತು. ಎರಡಾಯಿತು.

ನೀಲಾವತಿ ಕಿಟಕಿಗೆ ಬಗ್ಗಿ ಕೇಳಿದರು: "ಇನ್ಯಾರು ಬರ್ಲಿಕ್ಕುಂಟು?"

ಆಗ ಐತಪ್ಪನವರು ಕಣ್ಣು ಕೆಳಗಿಳಿಸಿದರು. ಎದುರಿಗೆ ಸ್ಟೇರಿಂಗ್ ಇತ್ತು.

ಹೌದು, ಅವರು ಕಲಿಯುವವರಿಗಾಗಿ ಕಾಯುತ್ತಿದ್ದರು. ಕಾಪುವಿನಲ್ಲಿ ಮೂವತ್ತೆರಡು ವರ್ಷ ಅವರು ಕೂತದ್ದು ಎಡಗಡೆ ಸೀಟಿನಲ್ಲೇ. ಸ್ಟೇರಿಂಗ್ ಬಲಗಡೆ, ಕಲಿಯುವವರ ಕೈಯಲ್ಲಿ. ಇವರ ಕಾಲಡಿಯಲ್ಲಿ ಹೆಚ್ಚುವರಿ ಒಂದು ಕ್ಲಚ್ಚು, ಒಂದು ಬ್ರೇಕು. ಅಂದರೆ ನಿಲ್ಲಿಸುವ ಅಧಿಕಾರ ಉಂಟು, ಎಲ್ಲಿಗೆ ಹೋಗಬೇಕೆಂಬ ಅಧಿಕಾರ ಇಲ್ಲ. ಆ ಸೀಟಿನಲ್ಲಿ ಕೂತು ಅವರು ಚರ್ಚಿನ ಇಬ್ಬರು ಸಿಸ್ಟರುಗಳಿಗೆ, ಒಬ್ಬ ಜ್ಯೋತಿಷಿಗೆ, ಮೀನಿನ ಸಗಟು ವ್ಯಾಪಾರದ ಕಮಲಕ್ಕನಿಗೆ, ಬ್ಯಾಂಕಿನ ಏಳು ಮಂದಿ ಮ್ಯಾನೇಜರುಗಳಿಗೆ ಕಾರು ಕಲಿಸಿದ್ದರು. ಜ್ಯೋತಿಷಿ ಪ್ರತಿದಿನ ಹೊರಡುವ ಮುನ್ನ ರಾಹುಕಾಲ ನೋಡುತ್ತಿದ್ದ. ಅವನು ಓಡಿಸುವುದನ್ನು ಕಂಡ ಮೇಲೆ ಊರವರೂ ನೋಡತೊಡಗಿದರು. ಕಮಲಕ್ಕ ಒಂದೇ ವಾರದಲ್ಲಿ ಕಲಿತು ಎಂಟನೆಯ ದಿನ ಐತಪ್ಪನವರಿಗೇ ಲೈಟ್‌ಹೌಸ್ ರಸ್ತೆಯಲ್ಲಿ ಓವರ್‌ಟೇಕ್ ಮಾಡುವುದು ಹೇಗೆಂದು ತೋರಿಸಿಕೊಟ್ಟಿದ್ದಳು. ಡ್ರೈವಿಂಗ್ ಸ್ಕೂಲಿನ ಮೊದಲ ಕಾರೂ ಇಂಥದೇ ಮಾರುತಿ, ಇಪ್ಪತ್ತು ಚಿಲ್ಲರೆ ವರ್ಷ ದುಡಿದು ಕೊನೆಗೆ ಗುಜರಿಗೆ ಹೋಯಿತು. ಗುಜರಿಯವನು ಬಾಗಿಲು ಬಿಚ್ಚಿ ಎಸೆದಾಗಲೂ ಅದೇ ಡಬ್ಬಿ ಮುಚ್ಚಳದ ಸದ್ದು ಬಂದಿತ್ತು.

ಈಗ ಅದೇ ಸೀಟು, ಅದೇ ಗಾಜು, ಗಾಜಿನಾಚೆ ಅದೇ ಗಿಡ್ಡ ಬಾನೆಟ್ಟು. ಎದುರಿಗೆ ಮಾತ್ರ ಸ್ಟೇರಿಂಗ್.

"ಅವಿನ್," ಎಂದರು ಐತಪ್ಪನವರು ಮೆಲ್ಲಗೆ, "ನಾನು ಹೋಗುವ ಮೊದಲು ಇದನ್ನು ಒಮ್ಮೆ ರೋಡಿನಲ್ಲಿ ಬಿಡ್ಬೇಕು. ಒಮ್ಮೆ ಸಾಕು."

ಅಂತಾರಾಷ್ಟ್ರೀಯ ಲೈಸೆನ್ಸನ್ನು ಅವರು ಊರಿನಿಂದಲೇ ಮಾಡಿಸಿಕೊಂಡು ಬಂದಿದ್ದರು. ಯಾಕೆಂದು ಆಗ ಯಾರೂ ಕೇಳಿರಲಿಲ್ಲ.

ಕೈಬರಹದ ಒಂದು ಮಾರಾಟಪತ್ರಕ್ಕೆ ಎರಡೂ ಕಡೆಯವರ ಸಹಿ ಬಿತ್ತು. ಕಾಗದಪತ್ರಗಳ ಲಕೋಟೆ ಕೊಡುತ್ತಾ ಟೀಚರು ಕೇಳಿದರು: "ಮಾರುತಿ ಅಂದರೆ ಏನು? ಮೂವತ್ತಮೂರು ವರ್ಷದಿಂದ ನಾನು ಯಾವುದೋ ಇಟಲಿಯವನ ಹೆಸರು ಅಂದುಕೊಂಡಿದ್ದೇನೆ."

"ದೇವರ ಹೆಸರು," ಎಂದ ಅವಿನ್. "ಸಮುದ್ರ ಹಾರಿದವನು."

"ಹಾಗಾದರೆ ಸರಿ. ಏರು ಹತ್ತುವಾಗ ಮಾತ್ರ ಅವನಿಗೆ ಸ್ವಲ್ಪ ಕಷ್ಟ," ಎಂದು ಟೀಚರು ಸ್ಕ್ರೂಡ್ರೈವರ್ ತಂದು ನಂಬರ್ ಪ್ಲೇಟ್ ಬಿಚ್ಚತೊಡಗಿದರು.

ಐತಪ್ಪನವರು ಗಾಬರಿಯಾದರು. "ಎಂತದು? ನಂಬರ್ ಯಾಕೆ ತೆಗೀತಾರೆ?"

"ಇಲ್ಲಿ ನಂಬರ್ ಕಾರಿಂದಲ್ಲಪ್ಪ, ಮನುಷ್ಯರದ್ದು. ಕಾರು ಮಾರಿದ್ರೂ ನಂಬರ್ ಅವರಿಗೇ."

"ಹಾಗಾದ್ರೆ ಈ ಗಾಡಿಗೆ?"

"ಈಗ ಏನೂ ಇಲ್ಲ."

ಐತಪ್ಪನವರು ಪ್ಲೇಟು ಕಳಚಿದ ಜಾಗವನ್ನು ನೋಡಿದರು. ಅಷ್ಟು ಭಾಗ ಮಾತ್ರ ಇನ್ನೂ ಬಿಳಿಯಿತ್ತು. ಎಲ್ಲರೆದುರು ಯಾರದೋ ಹಣೆಯ ಕುಂಕುಮ ಒರೆಸಿದ ಹಾಗಾಯಿತೆಂದು ನೀಲಾವತಿ ಆಮೇಲೆ ಸೊಸೆಯ ಹತ್ತಿರ ಹೇಳಿದರು.

ನಂಬರಿಲ್ಲದ ಕಾರನ್ನು ರಸ್ತೆಗಿಳಿಸುವಂತಿಲ್ಲ. ಅವಿನ್ ಸಹೋದ್ಯೋಗಿಯ ಟ್ರೇಲರ್ ತಂದಿದ್ದ. ಮಾರುತಿಯನ್ನು ಅದರ ಮೇಲೆ ಹತ್ತಿಸಿ, ಪಟ್ಟಿ ಬಿಗಿದು ಹೊರಟರು. ಐತಪ್ಪನವರು ಶರ್ಟಿನ ಜೇಬಿನಲ್ಲಿ ಎಲ್ಲ ಕಾಗದಗಳನ್ನೂ ಸರದಿಯಂತೆ ಜೋಡಿಸಿಕೊಂಡು ಗಡಿಗಾಗಿ ಕಾದರು. ತಲಪಾಡಿಯ ಚೆಕ್‌ಪೋಸ್ಟ್ ಅವರ ಮನಸ್ಸಿನಲ್ಲಿತ್ತು. ಕೇರಳದ ಕಡೆಗೆ ಹೋಗುವ ಲಾರಿಗಳ ಸಾಲು, ಬೆಂಚಿನ ಮೇಲೆ ಟೊಪ್ಪಿ ತೆಗೆದಿಟ್ಟ ಪೊಲೀಸರು, ಶೇಂಗಾ ಮಾರುವವರು, ಕಾಗದದಲ್ಲಿ ಏನಾದರೂ ಕಮ್ಮಿಯಿದ್ದರೆ ಒಳಗೆ ಹೋಗಿ ಮಾತಾಡಿ ಬರುವ ಆ ಗಂಭೀರ ನಡಿಗೆ.

"ಬಾರ್ಡರ್ ಇನ್ನೆಷ್ಟು ದೂರ?"

"ಆಗಲೇ ದಾಟಿ ಆಯ್ತು," ಎಂದ ಅವಿನ್. "ಆ ನೀಲಿ ಬೋರ್ಡು ಉಂಟಲ್ಲ, ಅದೇ."

"ಯಾರೂ ಕೇಳ್ಲೇ ಇಲ್ಲ?"

"ಯಾರೂ ಇರೋದೇ ಇಲ್ಲ."

ಐತಪ್ಪನವರು ಕಾಗದಗಳನ್ನು ಜೇಬಿನಲ್ಲಿ ಇನ್ನಷ್ಟು ಆಳಕ್ಕೆ ತಳ್ಳಿ, "ಇಂಥ ಬಾರ್ಡರ್ ಇಟ್ಟುಕೊಳ್ಳುದಾದ್ರೂ ಯಾಕೆ," ಎಂದರು.

ಮನೆಯ ಪಕ್ಕದ ಸ್ವಂತ ಜಾಗಕ್ಕೆ ಟ್ರೇಲರನ್ನು ಹಿಮ್ಮುಖವಾಗಿ ನುಗ್ಗಿಸಿ ನಿಲ್ಲಿಸಿದಾಗ ಕಾರು ಇಳಿಸುವ ಕೆಲಸವನ್ನು ಐತಪ್ಪನವರೇ ವಹಿಸಿಕೊಂಡರು. ಎಡಗಡೆ ಕೂತು, ಸ್ಟೇರಿಂಗ್ ಹಿಡಿದು, ರಿವರ್ಸ್ ಹಾಕಿ, ಹಲಗೆಯ ಮೇಲಿಂದ ಇಳಿಸಿ ಹಿತ್ತಲಿನ ಬೇಲಿಯವರೆಗೆ ತಂದರು. ಒಟ್ಟು ಆರು ಮೀಟರ್. ಸೊಸೆ ಸ್ಪಂದನಾ ಚಪ್ಪಾಳೆ ತಟ್ಟಿದಳು. "ಇದು ಲೆಕ್ಕ ಇಲ್ಲ," ಎಂದರು ಐತಪ್ಪನವರು. "ರೋಡಿನಲ್ಲಿ ಬಿಟ್ರೆ ಮಾತ್ರ ಲೆಕ್ಕ."

ಸ್ಪಂದನಾ ಮೈಸೂರಿನವಳು. ಅವಳಿಗೆ ತುಳು ಬಾರದ ಕಾರಣ ಆ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಿದ್ದರು. ಡಚ್ ಸರ್ಕಾರದ ಕಾಗದಗಳನ್ನು ಕಾದಂಬರಿಯಂತೆ ಓದಬಲ್ಲವಳು ಇಡೀ ಬಳಗದಲ್ಲಿ ಅವಳೊಬ್ಬಳೇ. ಅಂದು ಸಂಜೆಯೇ ಲ್ಯಾಪ್‌ಟಾಪ್ ತೆರೆದು ಕೂತಳು.

"ಮಾವ, ಗುಡ್ ನ್ಯೂಸ್. ಕಾರು ತುಂಬಾ ಹಳೇದಾದ್ರಿಂದ ಇಂಪೋರ್ಟ್ ಟ್ಯಾಕ್ಸ್ ಬರಲ್ಲ."

"ಸೀನಿಯರ್ ಸಿಟಿಜನ್," ಎಂದರು ಐತಪ್ಪನವರು ತೃಪ್ತಿಯಿಂದ.

"ಆದ್ರೆ ಇನ್ಸ್‌ಪೆಕ್ಷನ್‌ಗೆ ತಗೊಂಡೋಗಿ ತೋರಿಸ್ಬೇಕು. ಅವ್ರು ನೋಡಿ ಓಕೆ ಅಂದ್ರೇನೇ ಇಲ್ಲಿನ ನಂಬರ್ ಕೊಡೋದು. ಫಸ್ಟ್ ಡೇಟ್ ಸಿಗ್ತಿರೋದು ಜೂನ್ ಆರು, ಗುರುವಾರ. ನಿಮ್ಮ ಫ್ಲೈಟ್ ಹದಿನೈದಕ್ಕೆ. ಅವತ್ತೇ ಪಾಸಾದ್ರೆ ಹನ್ನೆರಡು, ಹದಿಮೂರಕ್ಕೆಲ್ಲಾ ನಂಬರ್ ಬರ್ಬಹುದು. ಒಂದು ದಿನ ಸಿಗುತ್ತೆ ನಿಮಗೆ, ಮ್ಯಾಕ್ಸಿಮಮ್ ಎರಡು."

"ಒಂದು ಸಾಕು ಅಂತ ಹೇಳಿದ್ದೇನಲ್ಲ. ಈ ಇನ್ಸ್‌ಪೆಕ್ಷನ್ ಅಂದ್ರೆ ಎಂತ ನೋಡ್ತಾರೆ?"

ಅವಿನ್ ಆಗ ಕಂಪನಿಯ ಕರೆಯೊಂದರಲ್ಲಿದ್ದ. ರೊಮೇನಿಯಾದ ಲಾರಿಯೊಂದು ತಪ್ಪು ಬಾಗಿಲಿಗೆ ಹೋಗಿ ನಿಂತಿತ್ತು. ಮೊಬೈಲನ್ನು ಅಂಗೈಯಲ್ಲಿ ಮುಚ್ಚಿ, ತಿರುಗಿ ಕೂಡ ನೋಡದೆ, "ನಮ್ಮ ಎಫ್‌ಸಿ ತರಹವೇ ಅಪ್ಪ," ಎಂದುಬಿಟ್ಟ.

ಆ ಮಾತು ಬಿದ್ದ ಜಾಗ ಸಣ್ಣದಲ್ಲ.

ಎಫ್‌ಸಿ ಎಂದರೆ ವಾಹನದ ಯೋಗ್ಯತಾಪತ್ರ. ಊರಿನಲ್ಲಿ ಡ್ರೈವಿಂಗ್ ಸ್ಕೂಲಿನ ಜೊತೆಗೆ ಐತಪ್ಪನವರು ಬಸ್ಸು, ಟೆಂಪೊ, ರಿಕ್ಷಾಗಳನ್ನು ಎಫ್‌ಸಿಗೆ ಸಿದ್ಧಮಾಡಿ ಆರ್‌ಟಿಒ ಮೈದಾನಕ್ಕೆ ಒಯ್ಯುವ ಕೆಲಸವನ್ನೂ ಮಾಡುತ್ತಿದ್ದರು. ಅವರ ಕೈಯಿಂದ ಹೋದ ಗಾಡಿ ಫೇಲಾದದ್ದು ಒಂದೂ ಇಲ್ಲ. ಅದಕ್ಕೊಂದು ವಿಧಿಯಿತ್ತು. ಮೊದಲು ಚಾಸಿಸ್ ನಂಬರ್, ಅಂದರೆ ಕಾರ್ಖಾನೆಯಲ್ಲಿ ಕಬ್ಬಿಣದ ಮೇಲೆ ಕೊರೆದ ಗಾಡಿಯ ಗುರುತು, ಅದರ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ಅರ್ಜಿಗೆ ಅದನ್ನು ಅಂಟಿಸುವುದು. ಅಚ್ಚು ತೆಗೆದಾದ ಮೇಲೆ ಬಣ್ಣ. ಬಾನೆಟ್ಟಿನ ಒಳಗೂ ಗಾಡಿಯ ಹೊಟ್ಟೆಯಡಿಗೂ ಕಪ್ಪು, ಚಕ್ರಕ್ಕೆ ಬೆಳ್ಳಿ. ಎಫ್‌ಸಿ ದಿನ ಮೈದಾನದಲ್ಲಿ ಸಾಲಾಗಿ ನಿಂತ ಗಾಡಿಗಳು ಮದುವೆ ಮನೆಗೆ ಬಂದ ನೆಂಟರ ಹಾಗೆ ಮಿರಿಮಿರಿ ಹೊಳೆಯುತ್ತಿದ್ದವು. ಹೊಸ ಬಣ್ಣದ ವಾಸನೆ ಎಂದರೆ ಗಾಡಿಯ ಯಜಮಾನನಿಗೆ ಸರ್ಕಾರದ ಬಗ್ಗೆ ಗೌರವವಿದೆ ಎಂದು. ಬಣ್ಣ ಹಚ್ಚದೆ ತಂದವನು ಅಂಗಿ ಗುಂಡಿ ಹಾಕದೆ ಆಫೀಸಿನೊಳಗೆ ಬಂದವನಿಗೆ ಸಮ.

ಮರುದಿನದಿಂದ ಐತಪ್ಪನವರಿಗೆ ಎಪ್ಪತ್ತೊಂದು ವರ್ಷವೆಂದು ಯಾರೂ ಹೇಳುವಂತಿರಲಿಲ್ಲ. ಬಾನೆಟ್ ಎತ್ತಿ ಒಳಗೋಡೆಯ ಮೇಲೆ ಚಾಸಿಸ್ ನಂಬರ್ ಹುಡುಕಿದರು. ಸ್ಪಂದನಾಳ ಬೇಕಿಂಗ್ ಪೇಪರಿನ ತುಂಡೊಂದನ್ನು ಅದರ ಮೇಲೆ ಒತ್ತಿ ಹಿಡಿದು ಪೆನ್ಸಿಲನ್ನು ಮಲಗಿಸಿ ಉಜ್ಜಿದರು. ಆ ಕಾಗದ ಜಾರಿತು. ಎರಡನೆಯ ಸಲ ಕಿರಾಣಿ ಬಿಲ್ಲಿನ ಹಿಂಬದಿ ಸರಿಯಾಗಿ ಕೂತಿತು. ಬೂದು ಬಣ್ಣದ ನಡುವೆ ಬಿಳಿಯ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಅಂಥ ಎಷ್ಟು ಸಾವಿರ ಅಚ್ಚು ತೆಗೆದಿದ್ದರೋ. ಕೆಳಗೆ ತಾರೀಕು ಬರೆದು, ಸಹಿ ಹಾಕಿ, ಪಾಕೆಟ್ ಡೈರಿಯಲ್ಲಿಟ್ಟುಕೊಂಡರು.

"ಅದನ್ನು ಇಲ್ಲಿ ಯಾರು ಕೇಳಿದ್ದಾರೆ?" ಎಂದರು ಟಾರ್ಚ್ ಹಿಡಿದು ನಿಂತಿದ್ದ ನೀಲಾವತಿ.

"ಕೇಳ್ತಾರೆ, ಕೇಳ್ತಾರೆ. ಕೇಳುವಾಗ ಇರ್ಬೇಕು."

ಆಮೇಲೆ ಬಣ್ಣ. ಇನ್ಸ್‌ಪೆಕ್ಷನ್ನಿನ ಎರಡು ದಿನ ಮೊದಲು ಹಚ್ಚಿದರೆ ವಾಸನೆ ಹದವಾಗಿರುತ್ತದೆ. ಮಂಗಳವಾರ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಐತಪ್ಪನವರು ಬಾನೆಟ್ಟಿನ ಒಳಗೆ ಮರಳುಕಾಗದದಲ್ಲಿ ತುಕ್ಕೆಲ್ಲ ತಿಕ್ಕಿ, ಚಾಸಿಸ್ ನಂಬರಿನ ಸುತ್ತ ಇನ್ನೂ ಸ್ವಲ್ಪ ಜಾಸ್ತಿ ಪ್ರೀತಿಯಿಂದ ತಿಕ್ಕಿ, ಹೊಳೆಯುವ ಕಪ್ಪು ಬಣ್ಣವನ್ನು ಎರಡು ಕೋಟ್ ಹೊಡೆದರು. ಚಕ್ರಗಳಿಗೆ ಬೆಳ್ಳಿ ಬಣ್ಣ.

"ಮದುಮಗಳಿಗೂ ಇಷ್ಟು ಮಾಡುದಿಲ್ಲ ಮಾರಾಯ್ರೆ," ಎಂದರು ನೀಲಾವತಿ. "ನನ್ನ ಮದುವೆಗೆ ನೀವು ಗಡ್ಡ ಕೂಡ ಸರಿಯಾಗಿ ಬೋಳಿಸಿ ಬಂದಿರ್ಲಿಲ್ಲ."

ಸಂಜೆ ಅವಿನ್ ಬಂದು ನೋಡಿ, "ಸೂಪರ್ ಅಪ್ಪ," ಎಂದ. ಚಕ್ರಗಳನ್ನಷ್ಟೇ ನೋಡಿದ್ದ. ಬಾನೆಟ್ ತೆಗೆದು ನೋಡುವಷ್ಟು ಸಮಯ ಅವನಿಗಿರಲಿಲ್ಲ.

ಗುರುವಾರ ಅವಿನ್ ಮಾರುತಿಯನ್ನು ಮತ್ತೆ ಟ್ರೇಲರಿಗೆ ಹತ್ತಿಸಿದ. ಐತಪ್ಪನವರು ಇಸ್ತ್ರಿಯಾದ ಬಿಳಿ ಅಂಗಿ ತೊಟ್ಟು ಹೊರಟರು. ತಪಾಸಣಾ ಕೇಂದ್ರವೆಂದರೆ ದೊಡ್ಡದೊಂದು ಶೆಡ್ಡು. ಧೂಳಿಲ್ಲ, ಮರದಡಿ ಚಾ ಅಂಗಡಿಯಿಲ್ಲ, ಯಾರೂ ಯಾರನ್ನೂ ಕೂಗಿ ಕರೆಯುತ್ತಿಲ್ಲ. ಸಾಲಿನಲ್ಲಿದ್ದ ಬೇರೆ ಕಾರುಗಳು ದಾರಿಯ ಕೆಸರನ್ನು ಒರೆಸದೆ ಹಾಗೇ ಬಂದಿದ್ದವು. ಐತಪ್ಪನವರಿಗೆ ಅವುಗಳ ಯಜಮಾನರ ಬಗ್ಗೆ ಕನಿಕರ ಹುಟ್ಟಿತು.

ಇನ್ಸ್‌ಪೆಕ್ಟರ್ ಹೆಂಗಸು. ಮೂವತ್ತರ ಆಸುಪಾಸು, ಆರಡಿ ಎತ್ತರ, ಎದೆಯ ಮೇಲೆ ಫೆಮ್ಕೆ ಎಂಬ ಹೆಸರು. ಕೈಕುಲುಕಿ, ಮಾರುತಿಯನ್ನು ಒಂದು ಸುತ್ತು ಬಂದು, ಬೆಳ್ಳಿ ಚಕ್ರಗಳನ್ನು ಕಂಡು ನಕ್ಕಳು. ಐತಪ್ಪನವರೂ ನಕ್ಕರು. ಅರ್ಧ ಪಾಸಾದ ಹಾಗೆ. ಆಕೆ ಬಾನೆಟ್ ಎತ್ತಿದಳು, ಟಾರ್ಚ್ ಹಿಡಿದು ಒಳಗೆ ಬಗ್ಗಿದಳು. ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ನಗು ಹೋಗಿತ್ತು. ಹೆಬ್ಬೆರಳಿನ ಉಗುರಿಗೆ ಕಪ್ಪು ಮೆತ್ತಿತ್ತು.

"ಈ ಬಣ್ಣ ಹಚ್ಚಿದ್ದು ಯಾರು?" ಎಂದಳು ಇಂಗ್ಲಿಷಿನಲ್ಲಿ.

"ನಾನೇ," ಎಂದರು ಐತಪ್ಪನವರು ತಮ್ಮ ಇಂಗ್ಲಿಷಿನಲ್ಲಿ, ಎರಡು ಬೆರಳೆತ್ತಿ. "ಟೂ ಕೋಟ್ಸ್!"

ಆಕೆ ಅವಿನನ ಕಡೆ ತಿರುಗಿ ಡಚ್ಚಿನಲ್ಲಿ ನಿಧಾನವಾಗಿ ಹೇಳಿದಳು. ಮಾತು ಮುಗಿಯುವ ಹೊತ್ತಿಗೆ ಅವಿನನ ಮುಖ ನೋಡಿಯೇ ಐತಪ್ಪನವರಿಗೆ ಅರ್ಧ ತಿಳಿದಿತ್ತು.

"ನಂಬರ್ ಓದ್ಲಿಕ್ಕೆ ಆಗುದಿಲ್ಲವಂತೆ ಅಪ್ಪ. ಸುತ್ತ ತಿಕ್ಕಿ ಮೇಲೆ ಹೊಸ ಬಣ್ಣ ಹಚ್ಚಿದ್ದಾರೆ ಅಂದ್ರೆ... ಕದ್ದ ಕಾರಿನ ನಂಬರ್ ಬದಲಿಸುವವರು ಹಾಗೇ ಮಾಡುದಂತೆ. ನಮ್ಮನ್ನು ಹಾಗೆ ಹೇಳ್ತಿಲ್ಲ ಅವ್ಳು. ಆದ್ರೆ ಪಾಸ್ ಮಾಡ್ಲಿಕ್ಕೆ ಬರುದಿಲ್ಲ ಅಂತ."

ಐತಪ್ಪನವರು ಜೇಬಿನಿಂದ ಪಾಕೆಟ್ ಡೈರಿ ತೆಗೆದು, ಕಿರಾಣಿ ಬಿಲ್ಲಿನ ಹಿಂಬದಿಯ ಆ ಪೆನ್ಸಿಲ್ ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. ಫೆಮ್ಕೆ ಅದನ್ನು ಬೆಳಕಿಗೆ ಹಿಡಿದಳು. ಕಾರಿನ ಕಾಗದದ ಜೊತೆ ಒಂದೊಂದೇ ಅಂಕಿಯನ್ನು ಹೋಲಿಸಿ ನೋಡಿದಳು.

"ಇಷ್ಟು ಸ್ಪಷ್ಟವಾಗಿ ತೆಗೆದದ್ದನ್ನು ನಾನು ಕಂಡಿಲ್ಲ," ಎಂದಳು. ಮತ್ತೆ, ಅದನ್ನು ಮಡಿಸದೆ ಜೋಪಾನವಾಗಿ ಹಿಂದೆ ಕೊಡುತ್ತಾ, "ಆದರೆ ನಾನು ನೋಡಬೇಕಾದ್ದು ಕಾಗದವಲ್ಲ ಸರ್, ಕಬ್ಬಿಣ. ಬಣ್ಣ ತೆಗೆದು ತನ್ನಿ."

ಮುಂದಿನ ತಾರೀಕು ಜೂನ್ ಇಪ್ಪತ್ತೇಳು. ಅದಕ್ಕಿಂತ ಮೊದಲು ಜಾಗವಿಲ್ಲ. ಟಿಕೆಟ್ ಮುಂದೂಡಿದರೂ ಐತಪ್ಪನವರ ವೀಸಾ ಮುಗಿಯುವುದು ಇಪ್ಪತ್ತೈದಕ್ಕೆ.

ಹಿಂದಿರುಗುವಾಗ ಟ್ರೇಲರಿನ ಪಟ್ಟಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಫೇಲಾ?" ಎಂದರು ಐತಪ್ಪನವರು.

"ಫೇಲ್ ಅಲ್ಲಪ್ಪ. ಮುಂದೆ ಹಾಕಿದ್ದು ಅಷ್ಟೇ."

"ಫೇಲಾದವರ ಮನೆಯವರಿಗೆ ನಾನೂ ಹಾಗೇ ಹೇಳ್ತಿದ್ದದ್ದು."

ಅವಿನ್ ಕನ್ನಡಿಯಲ್ಲಿ ಹಿಂದಿನ ಮಾರುತಿಯನ್ನು ನೋಡಿದ. "ಎಫ್‌ಸಿ ತರಹ ಅಂತ ಹೇಳಿದ್ದು ನಾನು. ನನ್ನದೇ ತಪ್ಪು."

"ನೀನು ಹೇಳದಿದ್ರೂ ನಾನು ಹಚ್ತಿದ್ದೆ," ಎಂದರು ಐತಪ್ಪನವರು. "ಹಚ್ಚದೆ ಹೇಗೆ ತಗೊಂಡು ಹೋಗುದು? ಮರ್ಯಾದೆ ಬೇಡ್ವಾ?" ಮುಂದೆ ತಿರುವು ಬಂತು. ಅವರ ಕಾಲು ಮೆಲ್ಲಗೆ ನೆಲವನ್ನು ಒತ್ತಿತು.

ಆಮೇಲಿನ ಎಂಟು ದಿನ ಅವರು ತಾವೇ ಹಚ್ಚಿದ ಬಣ್ಣವನ್ನು ತಾವೇ ತೆಗೆದರು. ಥಿನ್ನರ್, ಹತ್ತಿ, ಹಳೆಯ ಟೂತ್‌ಬ್ರಷ್. ಮರಳುಕಾಗದ ಮುಟ್ಟುವಂತಿಲ್ಲವೆಂದು ಸ್ಪಂದನಾ ತಾಕೀತು ಮಾಡಿದ್ದಳು. ಅಂಕಿಗಳ ಸಂದಿಯಲ್ಲಿ ಕೂತ ಬಣ್ಣ ಬೇಗ ಬಿಡುವಂಥದ್ದಲ್ಲ. ದಿನಕ್ಕೆ ಎರಡು ಅಂಕಿ, ಕೆಲವು ದಿನ ಮೂರು. ನೀಲಾವತಿ ಬಲಗಡೆ ಸೀಟಿನಲ್ಲಿ ಬಾಗಿಲು ತೆರೆದಿಟ್ಟುಕೊಂಡು ಕೂತು ಬೀನ್ಸ್ ಬಿಡಿಸುತ್ತಿದ್ದರು. ಎತ್ತಿದ ಬಾನೆಟ್ಟಿನ ಆಚೆ ಗಂಡ, ಈಚೆ ಹೆಂಡತಿ. ಮುಖ ಕಾಣುತ್ತಿರಲಿಲ್ಲ, ಮಾತು ಕೇಳುತ್ತಿತ್ತು.

"ಕಮಲಕ್ಕನಿಗೆ ಕಲಿಸಿದ್ರಿ," ಎಂದರು ನೀಲಾವತಿ ಒಂದು ದಿನ.

"ಹ್ಞೂಂ."

"ಸಿಸ್ಟರುಗಳಿಗೆ ಕಲಿಸಿದ್ರಿ. ಆ ರಾಹುಕಾಲದವನಿಗೆ ಕೂಡ ಕಲಿಸಿದ್ರಿ."

"ಅವನು ಕಲೀಲಿಲ್ಲ."

"ನಾನೂ ಕೇಳಿದ್ದೆ. ಹೊಸ ಗಾಡಿ ಬಂದ ವರ್ಷ. ಈ ಬ್ಯಾಚ್ ಮುಗೀಲಿ ಅಂದಿದ್ರಿ."

ಬಾನೆಟ್ಟಿನಾಚೆ ಬ್ರಷ್ಷಿನ ಸದ್ದು ನಿಂತಿತು.

"ಮುಗೀತಲ್ಲ ಈಗ," ಎಂದರು ನೀಲಾವತಿ, ಬೀನ್ಸಿನ ನಾರು ಎಳೆಯುತ್ತಾ.

ಶುಕ್ರವಾರ ಹದಿನಾಲ್ಕನೆಯ ತಾರೀಕಿಗೆ ಕೊನೆಯ ಅಂಕಿ ಹೊರಗೆ ಬಂತು. ಮಧ್ಯಾಹ್ನದ ಊಟವಾಗಿತ್ತು, ಬಿಸಿಲು ಚೆನ್ನಾಗಿತ್ತು, ಸೂಟ್‌ಕೇಸುಗಳು ತೂಕವಾಗಿ ಬಾಗಿಲ ಬಳಿ ಕೂತಿದ್ದವು. ಐತಪ್ಪನವರು ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, ಎಡಗಡೆಯ ಬಾಗಿಲು ತೆರೆದು ನಿಂತರು. ತಾವು ಕೂರಲಿಲ್ಲ.

"ಕೂತುಕೋ," ಎಂದರು.

"ನಾನಾ? ಇದರಲ್ಲಾ?"

"ಇಲ್ಲಿ ರೋಡಿನಲ್ಲಿ ಕಲಿಸಿದ್ರೆ ಹಿಡೀತಾರಂತೆ. ನಿಲ್ಲಿಸಿದ ಗಾಡಿಯಲ್ಲಿ ಕಲಿಸಿದ್ರೆ ಯಾರೂ ಕೇಳುದಿಲ್ಲ. ಕೂತುಕೋ ಮಾರಾಯ್ತಿ."

ನೀಲಾವತಿ ಸೀರೆಯ ನಿರಿಗೆ ಎತ್ತಿ ಕೂತರು. ಸೀಟು ಮುಂದೆ ಎಳೆಸಿಕೊಂಡರು. ಐತಪ್ಪನವರು ಸುತ್ತು ಬಂದು ಬಲಗಡೆ ಕೂತರು. ಅಲ್ಲಿ ಕ್ಲಚ್ಚೂ ಇಲ್ಲ, ಬ್ರೇಕೂ ಇಲ್ಲ, ರಬ್ಬರಿನ ಚಾಪೆ ಮಾತ್ರ. ಎಂಜಿನ್ ಆಫ್. ಕೀಲಿ ಅವಿನನ ಹತ್ತಿರ.

"ಕನ್ನಡಿ ನೋಡು. ಕ್ಲಚ್ ಪೂರ್ತಿ ಒತ್ತು. ಫಸ್ಟ್ ಹಾಕು. ಎಡಕ್ಕೆ, ಮುಂದೆ. ಒತ್ತಾಯ ಮಾಡ್ಬೇಡ, ಅದಕ್ಕೆ ಗೊತ್ತುಂಟು ಎಲ್ಲಿಗೆ ಹೋಗ್ಬೇಕು ಅಂತ."

ಗೇರು ಬಿತ್ತು.

"ಎಲ್ಲಿಗೆ ಹೋಗುದು?" ಎಂದರು ನೀಲಾವತಿ.

"ಉದ್ಯಾವರ ಸಂಕದವರೆಗೆ. ಅಲ್ಲಿ ತಿರುಗಿಸುದು. ಪೇಟೆ ದಾಟಿದ ಮೇಲೆ ಸೆಕೆಂಡ್. ಹಾಂ, ಈಗ. ಕ್ಲಚ್, ಕ್ಲಚ್! ಎಡಗಡೆ ಬಟ್ರ ಹೋಟ್ಲು ಬಂತು, ಅಲ್ಲಿ ಸೈಕಲ್ ನಿಲ್ಲಿಸಿರ್ತಾರೆ, ನೋಡಿಕೊಂಡು. ಥರ್ಡ್. ಮುಂದೆ ಪೆಟ್ರೋಲ್ ಬಂಕ್."

"ಬಟ್ರು ತೀರಿಹೋ‌ಗಿ ಹನ್ನೆರಡು ವರ್ಷ ಆಯ್ತು."

"ಸೈಕಲ್ ಇರ್ತದೆ. ಬಸ್ಸು ಬಂತು, ಬಸ್ಸು ಬಂತು, ಬ್ರೇಕ್ ಹಾಕು!"

"ಬಸ್ಸಿನವನಿಗೆ ಹೇಳಿ ನಿಲ್ಲಿಕ್ಕೆ," ಎಂದರು ನೀಲಾವತಿ, ಸ್ಟೇರಿಂಗನ್ನು ಒಂದಿಂಚೂ ತಿರುಗಿಸದೆ. "ನಾನು ಕಲಿಯುವವಳು."

ಐತಪ್ಪನವರ ಎರಡೂ ಕಾಲು ರಬ್ಬರ್ ಚಾಪೆಯನ್ನು ಬಲವಾಗಿ ಒತ್ತಿ ಹಿಡಿದಿದ್ದವು. ಗಾಜಿನೆದುರು ಪಕ್ಕದ ಮನೆಯ ಕಸದ ಡಬ್ಬಿಗಳು, ಒಂದು ಹಸಿರು, ಒಂದು ಬೂದು. ಅದರಾಚೆ ಹೆದ್ದಾರಿ. ಮೇಲಿನ ಕಿಟಕಿಯಿಂದ ನೋಡುತ್ತಿದ್ದ ಸ್ಪಂದನಾಳಿಗೆ ಮಾವನ ಕೈ ಮಾತ್ರ ಕಾಣುತ್ತಿತ್ತು. ಅದು ಎಡ, ಬಲ, ನಿಧಾನ ಎಂದು ತೋರಿಸುತ್ತಲೇ ಇತ್ತು. ಕಾಪುವಿನಿಂದ ಉದ್ಯಾವರದ ಸೇತುವೆ ಮುಟ್ಟಿ ಹಿಂದೆ ಬರಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಮರುದಿನ ವಿಮಾನ ಹತ್ತುವ ಮುಂಚೆ ಐತಪ್ಪನವರು ಪೆನ್ಸಿಲ್ ಅಚ್ಚನ್ನು ಕಾರಿನ ಕಾಗದಗಳ ಲಕೋಟೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟು, ಕೇಳಿದರೆ ಮಾತ್ರ ಕೊಡಬೇಕೆಂದು ಮಗನಿಗೆ ಹೇಳಿದರು.

ಜೂನ್ ಇಪ್ಪತ್ತೇಳರಂದು ಫೆಮ್ಕೆ ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಕಬ್ಬಿಣ ಓದಿದಳು. ಅಚ್ಚನ್ನು ಕೇಳಲಿಲ್ಲ, ಆ ಹಿರಿಯರು ಬರಲಿಲ್ಲವೇ ಎಂದು ಕೇಳಿದಳು. ಊರಿಗೆ ಹೋದರು ಎಂದ ಅವಿನ್. ಕಾರು ಪಾಸಾಯಿತು. ಮುಂದಿನ ವಾರ, ಆ ದೇಶದ ಕಾರುಗಳಿಗೆಲ್ಲ ಇರುವಂಥ ಹಳದಿ ನಂಬರ್ ಪ್ಲೇಟ್ ಬಂತು. ಈಗ ಸ್ಪಂದನಾ ವಾರಕ್ಕೆ ಮೂರು ದಿನ ಅದರಲ್ಲಿ ಆಫೀಸಿಗೆ ಹೋಗುತ್ತಾಳೆ. ಐತಪ್ಪನವರು ಆ ಕಾರನ್ನು ಒಟ್ಟು ಓಡಿಸಿದ್ದು ಆರು ಮೀಟರ್, ಅದೂ ರಿವರ್ಸಿನಲ್ಲಿ.